ಮನೆಯ ಗ್ಯಾರೇಜಿಗೆ ಗಾಳಿಯಂತ್ರ

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಗಾಳಿಯನ್ನು ಒತ್ತಲು ತೋಳು ಮಾಡಿದ ಕೆಲಸವೇ ಅಲ್ಲಿ ಶಾಖವಾಗಿ ತೋರುತ್ತದೆ. ತೋಳಿನ ಬದಲು ವಿದ್ಯುತ್ ಮೋಟಾರನ್ನೂ ಟೈರಿನ ಬದಲು ಉಕ್ಕಿನ ತೊಟ್ಟಿಯನ್ನೂ ಇಟ್ಟರೆ ಅದೇ ಏರ್ ಕಂಪ್ರೆಸರ್, ಅಂದರೆ ಗಾಳಿಯನ್ನು ಅಮುಕಿ ಕೂಡಿಡುವ ಯಂತ್ರ. ಪಂಕ್ಚರ್ ಅಂಗಡಿಗಳಲ್ಲಿ ನಾವು ಕಾಣುವ ಈ ಯಂತ್ರವು ಈಗ ಚಿಕ್ಕ ರೂಪದಲ್ಲಿ ಮನೆಯ ಗ್ಯಾರೇಜಿಗೂ ಬಂದಿದೆ. ಇದನ್ನು ಆರಿಸಲು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವೇ ಸಾಕು. ಆದರೆ ಆ ಶಾಸ್ತ್ರವನ್ನು ಮರೆತು ಬಳಸಿದರೆ ಪ್ರಾಣಾಪಾಯವೂ ಉಂಟು.

ತೊಟ್ಟಿ ದೊಡ್ಡದಾದರೆ ಸಾಕೆ?

ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ತೊಟ್ಟಿಯ ಗಾತ್ರ. 50 ಲೀಟರಿನ ತೊಟ್ಟಿಯೊಂದರ ಒತ್ತಡಮಾಪಕವು 8 ಬಾರ್ ತೋರಿಸುತ್ತಿದೆ ಎನ್ನೋಣ. 1 ಬಾರ್ ಎಂದರೆ ಹೆಚ್ಚುಕಡಿಮೆ ಹೊರಗಿನ ವಾಯುಮಂಡಲದ ಒತ್ತಡ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮದಂತೆ, ಹೊರಗಿನ 400 ಲೀಟರು ಗಾಳಿಯನ್ನು ಹೆಚ್ಚಾಗಿ ಅದರಲ್ಲಿ ತುರುಕಲಾಗಿದೆ. ಒತ್ತಡ 8ರಿಂದ 3 ಬಾರಿಗೆ ಇಳಿಯುವಷ್ಟರಲ್ಲಿ ನಮಗೆ ದೊರೆಯುವುದು 250 ಲೀಟರು. ಕಾರಿನ ಚಕ್ರವೊಂದರ ಒಳಗಾತ್ರ 30 ಲೀಟರೆಂದು ಹಿಡಿದರೆ, 2.2 ಬಾರಿಗೆ ಅದನ್ನು ತುಂಬಲು 66 ಲೀಟರು ಗಾಳಿ ಬೇಕು. ಮೂರು ಚಕ್ರಗಳಿಗೆ ಈ ಸಂಗ್ರಹ ಸಾಕು. ಆದರೆ ನಿಮಿಷಕ್ಕೆ 150 ಲೀಟರು ಬೇಡುವ ಬಣ್ಣದ ಗನ್ನನ್ನು ಹಿಡಿದರೆ ಎರಡು ನಿಮಿಷದೊಳಗೆ ಸಂಗ್ರಹ ಬರಿದು. ಆಮೇಲೆ ಯಂತ್ರವು ನಿಮಿಷಕ್ಕೆ ಎಷ್ಟು ಕೊಡುವುದೋ ಅಷ್ಟೇ. ತೊಟ್ಟಿಯು ಕೂಡಿಟ್ಟ ಹಣ. ಯಂತ್ರದ ಹರಿವು ದಿನದ ಸಂಪಾದನೆ. ಆದ್ದರಿಂದ ಮೊದಲು ನಮ್ಮ ಉಪಕರಣದ ಬೇಡಿಕೆಯನ್ನು ತಿಳಿದು, ಅದಕ್ಕಿಂತ ತುಸು ಹೆಚ್ಚಿನ ಹರಿವುಳ್ಳ ಯಂತ್ರವನ್ನು ಆರಿಸಬೇಕು.

ಇಲ್ಲೊಂದು ಎಚ್ಚರ ಅಗತ್ಯ. ಪಿಸ್ಟನ್ ಗುಡಿಸುವ ಗಾತ್ರವೇ ಬೇರೆ, ನಿಜವಾಗಿ ಹೊರಬೀಳುವ ಗಾಳಿಯೇ ಬೇರೆ. ಎರಡನೆಯದು ಯಾವಾಗಲೂ ಕಡಿಮೆ. ಇದನ್ನು ಅಳೆಯಲು ಕೈಗಡಿಯಾರವೊಂದೇ ಸಾಕು. ಮೇಲೆ ಹೇಳಿದ ತೊಟ್ಟಿಯು ಸೊನ್ನೆಯಿಂದ 8 ಬಾರಿಗೆ ತುಂಬಲು 4 ನಿಮಿಷ ಹಿಡಿದರೆ, 400 ಲೀಟರನ್ನು ನಾಲ್ಕರಿಂದ ಭಾಗಿಸಿರಿ: ಸರಾಸರಿ ಹರಿವು ನಿಮಿಷಕ್ಕೆ 100 ಲೀಟರು.

ಎಲ್ಲಿ, ಹೇಗೆ ಇಡಬೇಕು?

ಶಾಖವು ಹೊರಹೋಗದಂತೆ ಒಮ್ಮೆಲೇ ಒತ್ತಿದರೆ, 30 ಡಿಗ್ರಿ ಸೆಂಟಿಗ್ರೇಡಿನ ಗಾಳಿಯು 8 ಬಾರ್ ಮುಟ್ಟುವಾಗ ಲೆಕ್ಕದಂತೆ 290 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಸಿಲಿಂಡರಿನ ಸುತ್ತ ಲೋಹದ ರೆಕ್ಕೆಗಳಿರುವುದು ಈ ಶಾಖವನ್ನು ಕಳೆಯಲೆಂದೇ. ಆದಕಾರಣ ಯಂತ್ರವನ್ನು ಮೂಲೆಗೆ ಒತ್ತರಿಸದೆ, ಗಾಳಿಯಾಡುವೆಡೆ, ಸಮತಲವಾದ ನೆಲದ ಮೇಲೆ, ರಬ್ಬರಿನ ಮೆತ್ತೆಯ ಮೇಲಿಡಬೇಕು. ಬಣ್ಣದ ಆವಿಯೂ ಪೆಟ್ರೋಲಿನ ಆವಿಯೂ ಅದರ ಬಳಿ ಸುಳಿಯಬಾರದು. ಸ್ವಿಚ್ಚಿನ ಕಿಡಿಯೊಂದೇ ಅನಾಹುತಕ್ಕೆ ಸಾಕು. ದೂರದ ಕೆಲಸಕ್ಕೆ ಗಾಳಿಯ ಕೊಳವೆಯನ್ನು ಉದ್ದಮಾಡಬೇಕೇ ಹೊರತು ತೆಳುವಾದ ವಿದ್ಯುತ್ ತಂತಿಯನ್ನಲ್ಲ. ತಂತಿಯಲ್ಲಿ ವೋಲ್ಟೇಜು ಶೇಕಡ 10ರಷ್ಟು ಕುಸಿದರೆ, ಮೋಟಾರು ಹೊರಡುವಾಗಿನ ತಿರುಚುಬಲವು ಅದರ ವರ್ಗಕ್ಕೆ ಅನುಗುಣವಾಗಿ ಶೇಕಡ 81ಕ್ಕೆ ಇಳಿಯುತ್ತದೆ. ಮೋಟಾರು ಹೊರಡಲಾರದೆ ಗುಂಯ್‌ಗುಟ್ಟಿ ಸುಡುತ್ತದೆ.

ಕಾಣದ ನೀರು

ಗಾಳಿಯೊಡನೆ ನೀರಾವಿಯೂ ತೊಟ್ಟಿಯನ್ನು ಸೇರುತ್ತದೆ. ನಮ್ಮ ಕರಾವಳಿಯಲ್ಲಿ 30 ಡಿಗ್ರಿ ಉಷ್ಣತೆ, ಶೇಕಡ 75 ಆರ್ದ್ರತೆ ಇರುವ ದಿನ ಒಂದು ಘನ ಮೀಟರು ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ನಿಮಿಷಕ್ಕೆ 100 ಲೀಟರಿನಂತೆ ಒಂದು ಗಂಟೆ ಯಂತ್ರ ನಡೆದರೆ 6 ಘನ ಮೀಟರು ಗಾಳಿಯೊಡನೆ 138 ಗ್ರಾಂ ನೀರಾವಿ ಒಳಹೊಗುತ್ತದೆ. ಒಂದು ಎಡೆಯಲ್ಲಿ ಎಷ್ಟು ಆವಿ ನಿಲ್ಲಬಲ್ಲದು ಎಂಬುದು ಎಡೆಯ ಗಾತ್ರವನ್ನೂ ಉಷ್ಣತೆಯನ್ನೂ ಅವಲಂಬಿಸಿದೆ, ಅಲ್ಲಿ ತುರುಕಿದ ಗಾಳಿಯ ಮೊತ್ತವನ್ನಲ್ಲ. ಗಾಳಿ ಒಂಬತ್ತರಲ್ಲೊಂದು ಪಾಲಿನ ಗಾತ್ರಕ್ಕೆ ಕುಗ್ಗಿ ತಣಿದಾಗ ಸುಮಾರು 20 ಗ್ರಾಂ ಮಾತ್ರ ಆವಿಯಾಗಿ ಉಳಿಯಬಲ್ಲದು. ಮಿಕ್ಕ 100 ಗ್ರಾಮಿಗೂ ಹೆಚ್ಚು, ಅಂದರೆ ಅರ್ಧ ಲೋಟ ನೀರು, ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ.

ಈ ನೀರು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಥಳಥಳಿಸುತ್ತಿದ್ದರೂ ಒಳಗೆ ತಗಡು ತೆಳುವಾಗುತ್ತಿರಬಹುದು. 8 ಬಾರಿನ 50 ಲೀಟರು ಗಾಳಿಯಲ್ಲಿ ಕಡಿಮೆಯೆಂದರೂ 30,000 ಜೂಲ್ ಶಕ್ತಿ ಅಡಗಿದೆ. 60 ಕಿಲೋಗ್ರಾಂ ತೂಕದ ಮನುಷ್ಯನನ್ನು 50 ಮೀಟರು ಎತ್ತರಕ್ಕೆ ಏರಿಸಲು ಅದು ಸಾಕು. ತೊಟ್ಟಿ ಸಿಡಿದರೆ ಅಷ್ಟೂ ಶಕ್ತಿ ಕಣ್ಣೆವೆ ಬಡಿಯುವುದರೊಳಗೆ ಹೊರಬೀಳುತ್ತದೆ. ತೊಟ್ಟಿಯ ಬಲವನ್ನು ಪರೀಕ್ಷಿಸುವವರು ಅದರಲ್ಲಿ ಗಾಳಿಯ ಬದಲು ನೀರು ತುಂಬಿ ಒತ್ತುವುದೂ ಇದಕ್ಕಾಗಿಯೇ. ನೀರು ಬಹುತೇಕ ಕುಗ್ಗದು. ಆದ್ದರಿಂದ ಶಕ್ತಿಯನ್ನು ಕೂಡಿಡದು. ತೊಟ್ಟಿ ಬಿರಿದರೂ ನೀರು ಸೋರಿ ನಿಲ್ಲುತ್ತದೆ.

ಆದುದರಿಂದ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಕೆಲಸ ಮುಗಿದ ದಿನವೇ ತಳದ ನಲ್ಲಿಯನ್ನು ತಿರುಗಿಸಿ ನೀರನ್ನು ಬಿಡಬೇಕು. ಆ ನಲ್ಲಿಗೆ ಕೈ ಸುಲಭವಾಗಿ ಎಟುಕುವಂತೆಯೇ ಯಂತ್ರವನ್ನು ಇಟ್ಟಿರಬೇಕು. ಮಿತಿಮೀರಿದ ಒತ್ತಡವನ್ನು ಹೊರಬಿಡುವ ರಕ್ಷಣಾ ಕವಾಟವನ್ನು ಬಿಗಿದು ಕಟ್ಟಲೇಬಾರದು. ತೇಪೆ ಹಾಕಿ ಬೆಸೆದ ಹಳೆಯ ತೊಟ್ಟಿ ಅಗ್ಗಕ್ಕೆ ಸಿಕ್ಕಿದರೂ ಬೇಡ. ಗೋಡೆಗುಂಟ ಗಾಳಿಯನ್ನು ಒಯ್ಯಲು ನೀರಿನ ಪಿ.ವಿ.ಸಿ. ಕೊಳವೆಯೂ ಸಲ್ಲದು, ಅದು ಒಡೆದರೆ ಚೂಪಾದ ಚೂರುಗಳಾಗಿ ಹಾರುತ್ತದೆ. ಗಾಳಿಯ ಮೂತಿಯನ್ನು ಆಟಕ್ಕಾದರೂ ಯಾರ ಮೈಮೇಲೂ ಹಿಡಿಯಬಾರದು.

ನಲ್ಲಿಯಿಂದ ನೀರು ಬಿಡುವುದಕ್ಕೆ ಒಂದು ನಿಮಿಷ ಸಾಕು. ತಳದಿಂದ ಕಂದುಬಣ್ಣದ ನೀರು ಬರುತ್ತಿದ್ದರೆ ಒಳಗೆ ತುಕ್ಕು ಆರಂಭವಾಗಿದೆ ಎಂದೇ ತಿಳಿದು, ತೊಟ್ಟಿಯನ್ನು ಬಲ್ಲವರಿಂದ ಪರೀಕ್ಷಿಸಿಯೇ ಮುಂದೆ ಬಳಸಬೇಕು.