ಪದಕದ ಒಡೆಯನಾರು?

ಹಳೆಯ ಯುದ್ಧಪದಕವೊಂದು ಕೈಗೆ ಬಂದರೆ ಅದರ ಲೋಹವಾವುದು, ಬೆಲೆಯೆಷ್ಟು ಎಂದು ಕೇಳುವುದು ವಾಡಿಕೆ. ಈ ಎರಡು ಪ್ರಶ್ನೆಗಳಿಗೆ ಅಕ್ಕಸಾಲಿಗನು ಒರೆಗಲ್ಲನ್ನು ಹಿಡಿದು ಉತ್ತರ ಹೇಳಬಲ್ಲನು. ಇದನ್ನು ಮೊಟ್ಟಮೊದಲು ಧರಿಸಿದವನಾರು ಎಂಬ ಮೂರನೆಯ ಪ್ರಶ್ನೆಗೆ ಮಾತ್ರ ಒರೆಗಲ್ಲು ಉತ್ತರ ಕೊಡದು. ಅದನ್ನು ಹುಡುಕುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರ ಮಾಡೋಣ. ನಮ್ಮ ಮುಖ್ಯ ನಿದರ್ಶನವು ಸುಳ್ಯ ಸೀಮೆಗೆ ಸೇರಿದುದು. ಆದರೆ ಈ ಕೆಲಸದ ಕಷ್ಟವು ಎಲ್ಲಿಯದೆಂದು ತಿಳಿಯಬೇಕಾದರೆ ಮೊದಲು ಜರ್ಮನ್ ದೇಶದ ಪದಕಗಳನ್ನು ನೋಡುವುದು ಅನುಕೂಲ.

ಪ್ರಷ್ಯದ ಅರಸನಾದ ಮೂರನೆಯ ಫ್ರೆಡರಿಕ್ ವಿಲಿಯಮನು ನೆಪೋಲಿಯನನ ಮೇಲೆ ಯುದ್ಧಕ್ಕೆ ನಿಂತ 1813ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ 'ಕಬ್ಬಿಣದ ಶಿಲುಬೆ' ಎಂಬ ಪದಕವನ್ನು ಸ್ಥಾಪಿಸಿದನು. ಒಂದನೆಯ ಮಹಾಯುದ್ಧದಲ್ಲಿ ಇದರ ಎರಡನೆಯ ದರ್ಜೆಯೊಂದನ್ನೇ ಸುಮಾರು ಐವತ್ತು ಲಕ್ಷ ಮಂದಿಗೆ ಹಂಚಿದರು. ಸರಕಾರವು ಇದರ ಮೇಲೆ ಪಡೆದವನ ಹೆಸರನ್ನು ಕೆತ್ತಿಸುತ್ತಿರಲಿಲ್ಲ. ಮೇಲಿನ ಬಳೆಯಲ್ಲಿ ಕೆಲವೊಮ್ಮೆ ಒಂದೆರಡು ಅಕ್ಷರಗಳು ಕಾಣುವುದುಂಟು. ಅವು ತಯಾರಿಸಿದ ಕಾರಖಾನೆಯ ಗುರುತೇ ಹೊರತು ಧರಿಸಿದವನ ಗುರುತಲ್ಲ. ಹೆಸರಿದ್ದುದು ಪದಕದೊಡನೆ ಬಂದ ಸನದಿನಲ್ಲಿ, ಸಿಪಾಯಿಯ ಕೈಪುಸ್ತಕದಲ್ಲಿ, ದಂಡಿನ ದಾಖಲೆಗಳಲ್ಲಿ. ಆ ದಾಖಲೆಗಳ ಗತಿಯೇನಾಯಿತು? ಪ್ರಷ್ಯದ ಸೈನ್ಯದ ಕಾಗದಪತ್ರಗಳು ಪಾಟ್ಸ್‌ಡಾಮ್ ನಗರದಲ್ಲಿದ್ದವು. 1945ರ ಏಪ್ರಿಲಿನ ವಿಮಾನದಾಳಿಯಲ್ಲಿ ಅವುಗಳ ಬಹುಭಾಗ ಸುಟ್ಟುಹೋಯಿತು. ಬವೇರಿಯ ಸೀಮೆಯ ಸೈನ್ಯದ ಪಟ್ಟಿಗಳು ಮ್ಯೂನಿಕ್ ನಗರದಲ್ಲಿ ಉಳಿದುವು. ಆದಕಾರಣ ಒಂದೇ ಯುದ್ಧದ ಒಂದೇ ಬಗೆಯ ಪದಕವಾಗಿದ್ದರೂ ಬವೇರಿಯದ ಸಿಪಾಯಿಯ ಸುಳಿವು ಸಿಕ್ಕೀತು, ಪ್ರಷ್ಯದವನದು ಸಿಕ್ಕುವುದು ದುರ್ಲಭ. ಲೋಹವು ಉಳಿದೂ ಕಾಗದವು ಅಳಿದರೆ ಒಡೆಯನು ಅಳಿದಂತೆಯೇ ಸರಿ.

ಇದಕ್ಕೆ ಪ್ರತಿಯಾಗಿ ಬ್ರಿಟಿಷರ ಪದ್ಧತಿ ಬೇರೆ. 1815ರ ವಾಟರ್‌ಲೂ ಯುದ್ಧದ ಪದಕವನ್ನು ಅವರು ಸೇನಾಪತಿಯಿಂದ ಹಿಡಿದು ಸಾಮಾನ್ಯ ಸಿಪಾಯಿಯವರೆಗೆ ಎಲ್ಲರಿಗೂ ಕೊಟ್ಟು, ಅದರ ಅಂಚಿನ ಮೇಲೆ ಪಡೆದವನ ಹೆಸರನ್ನು ಒತ್ತಿಸಿದರು. ಜರ್ಮನ್ ಸೀಮೆಗಳಲ್ಲಿ ಹ್ಯಾನೋವರ್ ರಾಜ್ಯವೂ ಅದೇ ಯುದ್ಧದ ತನ್ನ ಪದಕಕ್ಕೆ ಹಾಗೆಯೇ ಮಾಡಿತು. ಒಂದನೆಯ ಮಹಾಯುದ್ಧದಲ್ಲಿ ಹೋರಾಡಿದ ಭಾರತೀಯ ಸಿಪಾಯಿಗಳ ಪದಕಗಳ ಅಂಚಿನಲ್ಲಿಯೂ ನಂಬರು, ದರ್ಜೆ, ಹೆಸರು, ದಂಡಿನ ಹೆಸರು ಇವೆಲ್ಲವೂ ಇರುವುವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುತ್ತಿಗೆಯಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ದಳದ ಸವಾರನೊಬ್ಬನ ಪದಕವು ಇಂದು ಯಾರ ಕೈ ಸೇರಿದ್ದರೂ, ಅದರ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ಓದಿದರೆ ಒಡೆಯನ ಹೆಸರು ತಿಳಿಯುವುದು.

ಈಗ ನಮ್ಮ ನಿದರ್ಶನಕ್ಕೆ ಬರೋಣ. ಸುಳ್ಯದ ನೆರೆಯಲ್ಲಿ ಆಲೆಟ್ಟಿ ಎಂಬ ಗ್ರಾಮವುಂಟು. ಕೊಡಗಿನ ಗಡಿಯೂ ಕಾಸರಗೋಡಿನ ಗಡಿಯೂ ಅಲ್ಲಿಂದ ದೂರವಲ್ಲ. ಅರೆಭಾಷೆ, ತುಳು, ಕನ್ನಡಗಳು ಬೆರೆತು ನಡೆಯುವ ಈ ಸೀಮೆಯಲ್ಲಿ 1837ರಲ್ಲಿ ಕಂಪೆನಿ ಸರಕಾರದ ಮೇಲೆ ದೊಡ್ಡದೊಂದು ದಂಗೆಯೆದ್ದಿತು. ಊರವರು ಅದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎನ್ನುವರು. 1834ರಲ್ಲಿ ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿದ ಮೇಲೆ ಕಂಪೆನಿಯು ಘಟ್ಟದ ಕೆಳಗಿನ ಸುಳ್ಯದ ಭಾಗಗಳನ್ನು ಕೊಡಗಿನಿಂದ ಬಿಡಿಸಿ ಕನ್ನಡ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ತೆತ್ತು ಬಂದ ಕಂದಾಯವನ್ನು ನಗದಾಗಿ ತೆರಬೇಕೆಂದಿತು. ನಾಣ್ಯವೇ ಅಪರೂಪವಾಗಿದ್ದ ಮಲೆಸೀಮೆಯ ರೈತನಿಗೆ ಇದು ದುಸ್ಸಹವಾಯಿತು. ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ಮುಂದಾಳುತನದಲ್ಲಿ ದಂಡು ಕೂಡಿತು. ಕಲ್ಯಾಣಸ್ವಾಮಿಯೆಂಬ ಹೆಸರು ತಾಳಿದವನೊಬ್ಬನನ್ನು ಅರಸುಕುಲದವನೆಂದು ಮುಂದಿಟ್ಟುಕೊಂಡು ಬೆಳ್ಳಾರೆ, ಪುತ್ತೂರುಗಳ ಮಾರ್ಗವಾಗಿ ಏಪ್ರಿಲಿನ ಮೊದಲ ವಾರ ಮಂಗಳೂರನ್ನು ಸೇರಿತು. ಕೆಲವು ದಿವಸ ಆ ಪಟ್ಟಣವು ಅವರ ಕೈಯಲ್ಲಿದ್ದಿತು. ಆಮೇಲೆ ಕಡಲ ಮಾರ್ಗವಾಗಿ ಕಂಪೆನಿಯ ಸೈನ್ಯ ಬಂದಿತು, ಘಟ್ಟದ ಮೇಲಿನಿಂದ ದಿವಾನ ಬೋಪಣ್ಣನ ಕಡೆಯ ಕೊಡಗಿನ ಜನರು ಇಳಿದು ಬಂದರು, ದಂಗೆಯಡಗಿತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿಯೂ, ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿಯೂ ಗಲ್ಲಿಗೇರಿಸಿದರು.

ತನ್ನ ಪಕ್ಷದಲ್ಲಿ ನಿಂತ ಕೊಡಗಿನವರಿಗಾಗಿ ಕಂಪೆನಿಯು ಒಂದು ಪದಕವನ್ನು ಒತ್ತಿಸಿತು. ಅದರ ಒಂದು ಮುಖದಲ್ಲಿ ಒಂದು ಕೈಯಲ್ಲಿ ಕೋವಿಯನ್ನೂ ಇನ್ನೊಂದರಲ್ಲಿ ಎತ್ತಿದ ಕತ್ತಿಯನ್ನೂ ಹಿಡಿದ ಕೊಡಗಿನ ಯೋಧನ ಚಿತ್ರವುಂಟು. ಸುತ್ತಲೂ ಕನ್ನಡ ಬರಹ. 1837ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದಂಗೆಯನ್ನು ಅಡಗಿಸುವಲ್ಲಿ ಕಂಪೆನಿ ಸರಕಾರಕ್ಕೆ ತೋರಿದ ನಿಷ್ಠೆಗೆ ಇದು ಮೆಚ್ಚುಗೆಯ ಗುರುತು ಎಂಬುದು ಅದರ ತಾತ್ಪರ್ಯ. ಹಿಂದಿನ ಮುಖದಲ್ಲಿ ಆಯುಧಗಳ ಚಿತ್ರವೂ ಇಂಗ್ಲಿಷ್ ಬರಹವೂ ಇವೆ. ಹಳದಿ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವ ಪದಕವಿದು. ಚಿನ್ನದವು 44, ಬೆಳ್ಳಿಯವು 300 ಎಂಬುದು ಪದಕಗಳನ್ನು ಕುರಿತ ಗ್ರಂಥಗಳಲ್ಲಿ ಕಾಣುವ ಲೆಕ್ಕ. ಕನ್ನಡದಲ್ಲಿಯೇ ಮಾತನಾಡುವ ಈ ಪದಕವು ಒಡೆಯನ ಹೆಸರನ್ನು ಮಾತ್ರ ಹೇಳುವುದಿಲ್ಲ. ಹೆಸರನ್ನು ಕೆತ್ತಿಸದೆಯೇ ಅದನ್ನು ಹಂಚಿದರು. ಈ ಅಂಶದಲ್ಲಿ ಅದು ಪ್ರಷ್ಯದ ಶಿಲುಬೆಯ ಒಡಹುಟ್ಟು.

ಹಾಗಾದರೆ ಒಡೆಯನನ್ನು ಹುಡುಕುವುದೆಂತು? ಮೊದಲನೆಯದಾಗಿ, ಪದಕವು ಆ ಕಾಲದ್ದೇ ಎಂದು ನಿಶ್ಚಯಿಸಬೇಕು. ಸಂಗ್ರಾಹಕರ ಆಸೆಗಾಗಿ ತರುವಾಯದ ಕಾಲದಲ್ಲಿ ಒತ್ತಿದ ಪ್ರತಿಗಳೂ ಉಂಟು. ಕೊರಳಲ್ಲಿದ್ದ ಪದಕದ ಬಳೆ ಸವೆದಿರುವುದು. ಮೈಮೇಲಿನ ಉಬ್ಬುಗಳು ಬಟ್ಟೆಯ ಒರಸಾಟದಿಂದ ನುಣುಪಾಗಿರುವುವು. ಎರಡನೆಯದಾಗಿ, ಅಂಚಿನಲ್ಲಿ ಹೆಸರು ಕಂಡರೆ ಸಂತೋಷಪಡುವುದಕ್ಕೆ ಮುನ್ನ ಸಂಶಯಪಡಬೇಕು. ಸರಕಾರವು ಕೆತ್ತಿಸದ ಹೆಸರನ್ನು ಕೆತ್ತಿಸಿದವರು ಯಾರು? ಮಗನೋ ಮೊಮ್ಮಗನೋ ಅಭಿಮಾನದಿಂದ ಕೆತ್ತಿಸಿರಬಹುದು. ಮಾರುವವನು ಬೆಲೆ ಹೆಚ್ಚಲೆಂದು ಕೆತ್ತಿಸಿರಲೂಬಹುದು. ಮೂರನೆಯದಾಗಿ, ಲೋಹವನ್ನು ನೋಡಬೇಕು. ಚಿನ್ನದ ಪದಕವಾದರೆ ಹುಡುಕಾಟವು 44 ಮಂದಿಯೊಳಗೆ ನಿಲ್ಲುವುದು. ಬೆಳ್ಳಿಯದಾದರೆ 300 ಮಂದಿಯೊಳಗೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅದು ಮನೆಯ ಹೆಸರು. ನಮ್ಮ ಸೀಮೆಯಲ್ಲಿ ಅಪ್ಪಯ್ಯ, ರಾಮಯ್ಯ, ಬೋಪಣ್ಣ, ಪೊನ್ನಪ್ಪ ಎಂಬ ಹೆಸರಿನವರಿಗೆ ಲೆಕ್ಕವಿಲ್ಲ. ಬ್ರಿಟಿಷ್ ಪದಕದ ಅಂಚಿನಲ್ಲಿ ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡುವುದು ದಂಡಿನ ನಂಬರು. ಇಲ್ಲಿ ಆ ಕೆಲಸವನ್ನು ಮಾಡುವುದು ಮನೆತನ. ಅಪ್ಪಯ್ಯನೆಂದರೆ ನೂರು ಮಂದಿ. ಗುಡ್ಡೆಮನೆ ಅಪ್ಪಯ್ಯನೆಂದರೆ ಹುಡುಕುವ ಜಾಗ ಒಂದೇ. ಕೊಡವರಲ್ಲಿ ಅಪ್ಪರಂಡ, ಗೌಡರಲ್ಲಿ ಕೆದಂಬಾಡಿ, ಕುಡೆಕಲ್ಲು ಎಂಬಂತೆ ಮನೆಯ ಹೆಸರು ಮುಂದೆ ನಿಲ್ಲುವುದು. ಇಂಗ್ಲಿಷ್ ಕಾಗದಗಳಲ್ಲಿ ಈ ಹೆಸರುಗಳ ಕಾಗುಣಿತವು ಬರೆದ ಗುಮಾಸ್ತನ ಕಿವಿಗೆ ಕೇಳಿದಂತೆ ಮಾರ್ಪಟ್ಟಿರುವುದು. ಆದುದರಿಂದ ಓದುವವನು ಅವನ್ನು ಗಟ್ಟಿಯಾಗಿ ಉಚ್ಚರಿಸಿ ನೋಡಬೇಕು. ಕಣ್ಣು ಗುರುತಿಸದ ಹೆಸರನ್ನು ಕಿವಿ ಗುರುತಿಸುವುದು. ಕಂಪೆನಿಯ ಕಾಲದ ಪತ್ರವ್ಯವಹಾರಗಳು ಮದರಾಸಿನ ಎಗ್ಮೋರಿನ ದಾಖಲೆ ಭಂಡಾರದಲ್ಲಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇವೆ. ಮನೆಗಳಲ್ಲಿ ಭೂಮಿಯ ಸನದುಗಳು, ಪಾಲುಪಟ್ಟಿಗಳು, ಅಡವಿನ ಚೀಟಿಗಳು ಇರುವುವು. ಪಾಲುಪಟ್ಟಿಯಲ್ಲಿ ಪದಕವು ಯಾವ ಅಣ್ಣನ ಪಾಲಿಗೆ ಹೋಯಿತೆಂದು ಬರೆದಿದ್ದರೆ, ಅಷ್ಟೇ ಮಾತು ಅಂಚಿನ ಕೆತ್ತನೆಗಿಂತ ಬಲವಾದ ಸಾಕ್ಷಿ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗಲ್ಲಿಗೇರಿದವರ ಹೆಸರುಗಳು ಸರಕಾರದ ವಿಚಾರಣೆಯಿಂದಲೂ ಊರಿನ ನೆನಪಿನಿಂದಲೂ ಉಳಿದು ಬಂದಿವೆ. ಅವರಿಗೆ ಪದಕವಿರಲಿಲ್ಲ, ಆದರೂ 2022ರಲ್ಲಿ ಮಂಗಳೂರಿನಲ್ಲಿ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ನಿಂತಿತು. ಪದಕ ಪಡೆದವರಿಗೆ ಚಿನ್ನ ಬೆಳ್ಳಿಗಳು ದೊರೆತವು, ಹೆಸರು ದೊರೆಯಲಿಲ್ಲ. ದಂಗೆಯನ್ನು ಇಂದು ಹೆಮ್ಮೆಯಿಂದ ನೆನೆಯುವ ಸೀಮೆಯಲ್ಲಿ, ಅದನ್ನಡಗಿಸಿದ ಗುರುತು ತಮ್ಮ ಪೆಟ್ಟಿಗೆಯಲ್ಲಿದೆಯೆಂದು ಹೇಳಲು ಮನೆಯವರು ಸಂಕೋಚಪಟ್ಟರೆ ಆಶ್ಚರ್ಯವಿಲ್ಲ. ಆದರೆ ಆ ಸಂಕೋಚಕ್ಕೆ ಕಾರಣವಿಲ್ಲವೆಂದು ನಾವು ತಿಳಿಯುತ್ತೇವೆ. ಒಬ್ಬನು ಯಾವ ಪಕ್ಷದಲ್ಲಿ ನಿಂತನು, ಏಕೆ ನಿಂತನು ಎಂಬುದನ್ನು ವಿಚಾರ ಮಾಡಬೇಕಾದರೆ ಮೊದಲು ಅವನು ಯಾರೆಂಬುದು ಗೊತ್ತಾಗಬೇಕು. ಹೆಸರಿಲ್ಲದವನನ್ನು ಹೊಗಳುವುದೂ ಅನ್ಯಾಯ, ತೆಗಳುವುದೂ ಅನ್ಯಾಯ.

ಆದಕಾರಣ ಹಳೆಯ ಪದಕವುಳ್ಳ ಮನೆಯವರಲ್ಲಿ ನಮ್ಮ ಬಿನ್ನಹವಿಷ್ಟೆ. ಅದನ್ನು ಹುಣಿಸೆಹುಳಿ ಹಾಕಿ ತಿಕ್ಕಬೇಡಿರಿ. ಹೊಳಪಿನೊಡನೆ ಗುರುತುಗಳೂ ಅಳಿಯುವುವು. ಕರಗಿಸಬೇಡಿರಿ. ದಾರವು ಹಳೆಯದಾಯಿತೆಂದು ಬಿಸಾಡಬೇಡಿರಿ. ಮನೆಯ ಹಿರಿಯರು ಇದು ಇಂಥವರದೆಂದು ಹೇಳಿದ್ದರೆ, ಹೇಳಿದವರ ಹೆಸರು, ಅವರು ಯಾರ ಬಾಯಿಂದ ಕೇಳಿದ್ದೆಂಬುದು, ಇಸವಿ, ಇವಿಷ್ಟನ್ನು ಒಂದು ಕಾಗದದ ಮೇಲೆ ಬರೆದು ಪದಕದ ಜೊತೆಯಲ್ಲಿಯೇ ಇಡಿರಿ. ಅದರದೊಂದು ಪ್ರತಿಯನ್ನು ಬೇರೆ ಮನೆಯಲ್ಲಿಯೂ ಇಡಿರಿ. ಪಾಟ್ಸ್‌ಡಾಮಿನಲ್ಲಿ ಸುಟ್ಟುಹೋದ ಪಟ್ಟಿಗಳಿಗೆ ಎರಡನೆಯ ಪ್ರತಿಯಿದ್ದಿದ್ದರೆ ಎಷ್ಟೋ ಮನೆಗಳ ಶಿಲುಬೆಗಳು ಇಂದು ಮೂಕವಾಗಿರುತ್ತಿರಲಿಲ್ಲ.