ವಿಕಿ ಪುಟಗಳು ಮತ್ತು ಕೃತಕ ಬುದ್ಧಿಮತ್ತೆ: ಶಿವನಸಮುದ್ರದ ನಿದರ್ಶನ

2003ರಲ್ಲಿ ಆರಂಭಗೊಂಡ ಕನ್ನಡ ವಿಕಿಪೀಡಿಯದಂತಹ ತಾಣಗಳ ಪುಟಗಳನ್ನು ಯಂತ್ರವು ಓದುವುದೂ ತಿದ್ದುವುದೂ ಮೀಡಿಯಾವಿಕಿ ತಂತ್ರಾಂಶದ ಎಪಿಐ ಎಂಬ ಸಂಪರ್ಕದ್ವಾರದ ಮೂಲಕ. 2024ರಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ನಿಯಮಾವಳಿಯು ಕೃತಕ ಬುದ್ಧಿಮತ್ತೆಯ ಸಹಾಯಕಗಳನ್ನು ಇಂತಹ ದ್ವಾರಗಳಿಗೆ ಜೋಡಿಸುವ ಕಾರ್ಯವನ್ನು ಸುಗಮಗೊಳಿಸಿತು.

1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿದ ಶಿವನಸಮುದ್ರದ ಕೇಂದ್ರವನ್ನು ಭಾರತದ ಮೊದಲ ಜಲವಿದ್ಯುತ್ ಕೇಂದ್ರವೆಂದು ಹಲವೆಡೆ ಬರೆಯಲಾಗಿದೆ. ಆದರೆ ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್ ಕೇಂದ್ರವು 1897ರಲ್ಲಿಯೇ ಕಾರ್ಯಾರಂಭ ಮಾಡಿತ್ತು. ಸಹಾಯಕವು ಈ ತಪ್ಪನ್ನು ಪುಟಕ್ಕೆ ಸೇರಿಸಿದಲ್ಲಿ, ಮುಂದೆ ಇತರ ಯಂತ್ರಗಳು ಅದನ್ನೇ ಆಧಾರವಾಗಿ ಸ್ವೀಕರಿಸುವ ಅಪಾಯವಿದೆ. ಪ್ರತಿಯೊಂದು ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ದಾಖಲಾಗುವುದರಿಂದ ಹಿಂದಿನ ಪಾಠವನ್ನು ಮರುಸ್ಥಾಪಿಸಲು ಸಾಧ್ಯ. ಅದಕ್ಕೆ ಮೊದಲು ಆಕರಗಳನ್ನು ಬಲ್ಲವರು ತಪ್ಪನ್ನು ಗುರುತಿಸಬೇಕು. ಆದುದರಿಂದ ಸಹಾಯಕವು ಸಿದ್ಧಪಡಿಸಿದ ಕರಡನ್ನು ಅಂತಹವರು ಪರಿಶೀಲಿಸಿದ ನಂತರವೇ ಪ್ರಕಟಿಸುವುದು ಯುಕ್ತ.