ಆರಾಧನಾ ಪಂಚಾಂಗ ಮತ್ತು ಸಂತರ ಸ್ಮರಣೆ

ಕಥೋಲಿಕ ಧರ್ಮಸಭೆಯಲ್ಲಿ ಸಂತರ ಹಾಗೂ ರಕ್ತಸಾಕ್ಷಿಗಳ ಸ್ಮರಣೆಯು ಕೇವಲ ಗೌರವಾರ್ಪಣೆಯಲ್ಲ. ಅದು ಕಾಲವನ್ನು ಎಣಿಸುವ ಒಂದು ಕ್ರಮವೂ ಹೌದು. ಈ ಕ್ರಮಕ್ಕೆ ಆಧಾರವಾದುದು ಆರಾಧನಾ ಪಂಚಾಂಗ. ಆದರೆ ಪಂಚಾಂಗದ ತಿಥಿಗೂ ಊರಿನ ಹಬ್ಬಕ್ಕೂ ಇರುವ ಸಂಬಂಧ ಎಲ್ಲೆಡೆಯೂ ಒಂದೇ ಬಗೆಯದಲ್ಲ. ಕರ್ನಾಟಕದ ಕೆಲವು ನಿದರ್ಶನಗಳಿಂದ ಇದನ್ನು ಅರಿಯಬಹುದು.

ಎರಡನೆಯ ಶತಮಾನದಲ್ಲಿ ಸ್ಮಿರ್ನಾ ನಗರದ ಧರ್ಮಾಧ್ಯಕ್ಷ ಪಾಲಿಕಾರ್ಪರು ಹುತಾತ್ಮರಾದಾಗ, ಅಲ್ಲಿನ ಕ್ರೈಸ್ತರು ಪ್ರತಿವರ್ಷ ಅದೇ ದಿನ ಅವರ ಸಮಾಧಿಯ ಬಳಿ ಸೇರಲು ನಿಶ್ಚಯಿಸಿದರು. ಮರಣದಿನವನ್ನು ಅವರು ಜನ್ಮದಿನವೆಂದೇ ಕರೆದರು. ಏಕೆಂದರೆ ಅದು ಸ್ವರ್ಗದಲ್ಲಿ ಹುಟ್ಟಿದ ದಿನ. ರೋಮಿನಲ್ಲಿ 354ರ ವೇಳೆಗೆ ಸಿದ್ಧವಾದ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಜೂನ್ 29ಕ್ಕೆ ಪೇತ್ರ ಮತ್ತು ಪೌಲರ, ಆಗಸ್ಟ್ 10ಕ್ಕೆ ಲಾರೆನ್ಸರ ಹೆಸರುಗಳಿವೆ. ಈ ಎರಡು ತಿಥಿಗಳು ಇಂದಿಗೂ ಬದಲಾಗಿಲ್ಲ. ಪುದುಚೇರಿಯಿಂದ ಬಂದು 1934ರಲ್ಲಿ ಯಶವಂತಪುರದ ನೆರೆಯ ಮಲ್ಲೇಶ್ವರದಲ್ಲಿ ನೆಲೆಗೊಂಡ ಸಂತ ಪೇತ್ರರ ಗುರುಮಠದ ಪಾಲಕ ಸಂತರ ಹಬ್ಬವೂ ಅದೇ ಜೂನ್ 29.

ಪಂಚಾಂಗದಲ್ಲಿ ಆಚರಣೆಗಳಿಗೆ ಮಹೋತ್ಸವ, ಹಬ್ಬ, ಸ್ಮರಣೆ ಎಂಬ ಶ್ರೇಣಿಗಳಿವೆ. ರಕ್ತಸಾಕ್ಷಿಗಳ ದಿನ ಗುರುಗಳು ಕೆಂಪು ಪೂಜಾವಸ್ತ್ರವನ್ನೂ ಇತರ ಸಂತರ ದಿನ ಬಿಳಿಯ ವಸ್ತ್ರವನ್ನೂ ಧರಿಸುತ್ತಾರೆ. 1969ರಲ್ಲಿ ಪಂಚಾಂಗ ಪರಿಷ್ಕರಣೆಗೊಂಡಾಗ ಸಂತ ತೋಮಸರ ಹಬ್ಬವು ಡಿಸೆಂಬರ್ 21ರಿಂದ ಜುಲೈ 3ಕ್ಕೆ ಸರಿಯಿತು. ಅನ್ಯ ದೇಶಗಳಲ್ಲಿ ಹಬ್ಬವೆನಿಸಿದ ಈ ದಿನಕ್ಕೆ ಭಾರತದಲ್ಲಿ ಮಹೋತ್ಸವದ ಸ್ಥಾನವಿದೆ. ಅಂದರೆ ವಿಶ್ವಧರ್ಮಸಭೆಯ ಪಂಚಾಂಗವೇ ಪ್ರಾದೇಶಿಕ ನೆನಪಿಗೆ ಎಡೆ ಕೊಟ್ಟಿದೆ. 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಸಲ್ಲಿಸಿ, 1711ರ ಜನವರಿ 16ರಂದು ಶ್ರೀಲಂಕಾದ ಕ್ಯಾಂಡಿಯಲ್ಲಿ ತೀರಿಕೊಂಡ ಜೋಸೆಫ್ ವಾಜ್ ಅವರು 2015ರಲ್ಲಿ ಸಂತಪದವಿಗೇರಿದರು. ಅವರ ಮರಣದಿನವೇ ಅವರ ಹಬ್ಬ.

ಜನಪದದ ಆಚರಣೆಯಾದರೋ ಕೆಲವೊಮ್ಮೆ ತನ್ನದೇ ತಿಥಿಯನ್ನು ಹಿಡಿಯುತ್ತದೆ. ಕಾರ್ಕಳ ಬಳಿಯ ಅತ್ತೂರಿನಲ್ಲಿ ಸಂತ ಲಾರೆನ್ಸರ ಜಾತ್ರೆ ನಡೆಯುವುದು ಜನವರಿಯ ಕೊನೆಯಲ್ಲಿ. ಆಗಸ್ಟ್ ಕರಾವಳಿಯ ಮಳೆಗಾಲ; ಜನವರಿಯಾದರೋ ಯಾತ್ರಿಕರಿಗೆ ಅನುಕೂಲವಾದ ಒಣಕಾಲ. ಜಾತಿಮತಗಳ ಭೇದವಿಲ್ಲದೆ ಜನರು ಅಲ್ಲಿಗೆ ಬರುತ್ತಾರೆ. 258ರಲ್ಲಿ ಪ್ರಾಣತೆತ್ತ ರೋಮಿನ ಉಪಯಾಜಕರು ತುಳುನಾಡಿನ ಸಂತರಾದುದು ಹೀಗೆ.

ಹೆಬ್ಬಾಳ, ಆರ್.ಟಿ. ನಗರಗಳಿಂದ ಕೆಲವೇ ಕಿಲೋಮೀಟರ್ ದಕ್ಷಿಣಕ್ಕಿರುವ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದ ಹಬ್ಬ ಇನ್ನೊಂದು ಬಗೆಯದು. ಅಲ್ಲಿ ಆಗಸ್ಟ್ 29ರಂದು ಧ್ವಜಾರೋಹಣ, ಬಳಿಕ ನವದಿನ ಪ್ರಾರ್ಥನೆ, ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನನದ ಹಬ್ಬ ಹಾಗೂ ತೇರಿನ ಮೆರವಣಿಗೆ. ಯೇಸು, ಮರಿಯಮ್ಮ, ಸ್ನಾನಿಕ ಯೊವಾನ್ನ ಈ ಮೂವರ ಭೂಲೋಕದ ಜನನವನ್ನು ಮಾತ್ರ ಪಂಚಾಂಗವು ಆಚರಿಸುತ್ತದೆ. ಧ್ವಜ ಏರುವ ಆಗಸ್ಟ್ 29 ಯೊವಾನ್ನರ ಶಿರಚ್ಛೇದನದ ಸ್ಮರಣೆಯ ದಿನವೂ ಹೌದು. ತೇರಿನ ಸಂಭ್ರಮಕ್ಕೆ ನಾಂದಿಯಾಗುವ ದಿನದ ಬಲಿಪೂಜೆಯಲ್ಲಿ, ಅರಸನೆದುರು ಸತ್ಯ ನುಡಿದು ತಲೆಗೊಟ್ಟ ಒಬ್ಬ ರಕ್ತಸಾಕ್ಷಿಯ ನೆನಪಿದೆ.

ಹರಕೆ, ಮೇಣದಬತ್ತಿ, ತೇರುಗಳು ಸಂತರನ್ನು ಜನರ ಬಳಿಗೆ ತಂದಿವೆ. ಆದರೆ ಅವರನ್ನು ವರ ನೀಡುವವರೆಂದು ಮಾತ್ರ ಕಂಡಾಗ ಅವರು ಏತಕ್ಕಾಗಿ ಬಾಳಿದರು, ಏತಕ್ಕಾಗಿ ಮಡಿದರು ಎಂಬುದು ಮರೆಯಾಗುವ ಅಪಾಯವಿದೆ. ವರ್ಷಕ್ಕೊಮ್ಮೆ ತಿಥಿ ಹಿಡಿದು ಆ ಪ್ರಶ್ನೆಯನ್ನು ಮತ್ತೆ ಮುಂದಿಡುವುದೇ ಪಂಚಾಂಗದ ಮುಖ್ಯ ಕಾರ್ಯವೆನ್ನಬಹುದು.